ಕಾಫಿ ಯಂತ್ರ ಕೊಳ್ಳುವ ಮುನ್ನ

ಮೈಸೂರು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಮೊಬೈಲಿಗೆ ಕಳುಹಿಸಿದ ಕಾಫಿ ಯಂತ್ರದ ಚಿತ್ರ ನೋಡಿದೆ, ಅದರ ಬೆಲೆಯನ್ನೂ ನೋಡಿದೆ. ಕೊಳ್ಳಬೇಡ. ಯಂತ್ರ ಕೆಟ್ಟದ್ದೆಂದಲ್ಲ, ನಿನಗೆ ಬೇಕಾದ ಕಾಫಿ ಅದರಲ್ಲಿ ಇಳಿಯುವುದಿಲ್ಲ. ಅದು ಬಿಸಿನೀರನ್ನು ಒತ್ತಡದಿಂದ ನುಗ್ಗಿಸಿ ಅರ್ಧ ನಿಮಿಷದೊಳಗೆ ಎಸ್ಪ್ರೆಸೊ ಕೊಡುವ ಯಂತ್ರ. ನೀನು ಕೇಳಿದ್ದು ಮನೆಯ ಕಾಫಿ. ಅದಕ್ಕೆ ಹನಿಹನಿಯಾಗಿ ತಾನೇ ಇಳಿದ ಡಿಕಾಕ್ಷನ್ ಬೇಕು. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಶೇಕಡ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ಕುಳಿತು ಯಂತ್ರಕ್ಕೆ ಹಾಕಲು ಪುಡಿ ತುಂಬಿದ ಹೊರದೇಶದ ಕ್ಯಾಪ್ಸೂಲ್ ತರಿಸುತ್ತೇನೆ ಎನ್ನುತ್ತೀಯಲ್ಲ, ನಿನ್ನ ತಾತ ಇದ್ದಿದ್ದರೆ ಎದ್ದು ಆಚೆ ಹೋಗುತ್ತಿದ್ದರು.

ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಫಿಲ್ಟರ್ ಕೊಂಡುಕೋ. ನೆಂಟರು ಬಂದಾಗ ಬೇಕಾದೀತೆಂದು ದೊಡ್ಡದನ್ನು ತರಬೇಡ, ಇಬ್ಬರಿಗಾಗುವಷ್ಟು ಚಿಕ್ಕದೇ ಸಾಕು. ದೊಡ್ಡ ಫಿಲ್ಟರಿನ ತಳದಲ್ಲಿ ಪುಡಿ ತೆಳ್ಳಗೆ ಹರಡಿಕೊಂಡರೆ ನೀರು ಸರ್ರನೆ ಇಳಿದುಹೋಗುತ್ತದೆ, ಸಾರ ಚರಟದಲ್ಲೇ ಉಳಿಯುತ್ತದೆ. ಕೊಳ್ಳುವ ಮೊದಲು ಮೇಲಿನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡು. ತೂತುಗಳು ಸಣ್ಣಗೆ, ಒಂದೇ ಸಮನಾಗಿರಬೇಕು.

ಹಣ ಖರ್ಚು ಮಾಡುವ ಆಸೆಯಿದ್ದರೆ ಪುಡಿಗೆ ಮಾಡು. ಮಲ್ಲೇಶ್ವರದಲ್ಲೋ ಗಾಂಧಿ ಬಜಾರಿನಲ್ಲೋ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿಗೆ ಹೋಗು. ಪ್ಲಾಂಟೇಶನ್ ಎ ಅರ್ಧ, ಪೀಬೆರಿ ಅರ್ಧ ಎಂದು ಕೇಳು. ಮೊದಲನೆಯದು ಅರೇಬಿಕಾ ಜಾತಿಯ ಬೀಜದ ಒಂದು ದರ್ಜೆ, ಎರಡನೆಯದು ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ. ಕಾಫಿ ಇನ್ನೂ ಗಡುಸಾಗಿರಬೇಕೆಂದರೆ ಸ್ವಲ್ಪ ರೊಬಸ್ಟಾ ಜಾತಿಯ ಬೀಜ ಸೇರಿಸಲು ಹೇಳು, ಆದರೆ ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟಿರುತ್ತದೆ. ರಾತ್ರಿ ನಿದ್ದೆ ಬರಲಿಲ್ಲವೆಂದು ನನ್ನನ್ನು ದೂರಬೇಡ. ಚಿಕೋರಿ ನೂರಕ್ಕೆ ಇಪ್ಪತ್ತು ಸಾಕು. ಕೆಲವರು ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಹುರಿದ ಬೇರಿನ ಪುಡಿ. ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದ ಬರುವುದು ಅದರಿಂದಲೇ, ಹಾಲು ಬೆರೆಸಿದ ಮೇಲೂ ಕಾಫಿ ಸಪ್ಪೆಯಾಗದೆ ನಿಲ್ಲುತ್ತದೆ. ಆದರೆ ಕಾನೂನು ಶೇಕಡ 49ರವರೆಗೂ ಬೆರೆಸಲು ಬಿಡುತ್ತದೆ, ಆದ್ದರಿಂದ ಪೊಟ್ಟಣ ಕೊಳ್ಳುವುದಾದರೆ ಮೇಲೆ ಬರೆದಿರುವ ಪ್ರಮಾಣ ಓದಿ ಕೊಂಡುಕೋ. ಒಮ್ಮೆಗೆ ಇನ್ನೂರು ಗ್ರಾಂಗಿಂತ ಹೆಚ್ಚು ತರಬೇಡ. ಅಂಗಡಿಯ ಮುಂದೆ ಹಾದುಹೋಗುವಾಗ ಘಮ್ಮೆಂದು ಬರುತ್ತದಲ್ಲ, ಅದು ಪುಡಿಯಿಂದ ಹೊರಟುಹೋಗುತ್ತಿರುವ ಪರಿಮಳವೇ. ತಂದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಒಲೆಯಿಂದ ದೂರವಿಡು.

ಇನ್ನು ಹಾಕುವ ಬಗೆ. ಮೇಲಿನ ಬಟ್ಟಲಿಗೆ ಮೂರು ದೊಡ್ಡ ಚಮಚ ತುಂಬಾ ಪುಡಿ ಹಾಕಿ, ಮಟ್ಟ ಮಾಡಿ, ಕೊಡೆಯಂತಿರುವ ಬಿಲ್ಲೆಯಿಂದ ಮೆಲ್ಲಗೆ ಒತ್ತು. ನಿಮ್ಮ ವೈಟ್‌ಫೀಲ್ಡಿನ ಬೋರ್‌ವೆಲ್ ನೀರು ಗಡಸು, ಕುಡಿಯುವ ನೀರನ್ನೇ ಬಳಸು. ಕುದಿ ಬಂದ ನೀರನ್ನು ಕೆಳಗಿಳಿಸಿ, ಕುದಿತ ನಿಂತ ಮೇಲೆ ಮೊದಲು ಸ್ವಲ್ಪವೇ ಸುತ್ತಲೂ ಸುರಿ. ಪುಡಿ ನೆನೆದು ಉಬ್ಬುತ್ತದೆ. ಅರ್ಧ ನಿಮಿಷ ತಾಳಿ ಉಳಿದದ್ದನ್ನು ತುಂಬಿ, ಮುಚ್ಚಿ, ಸ್ನಾನಕ್ಕೆ ಹೋಗು. ಬೆಳಗ್ಗೆ ಕಾಫಿಗೆ ಸಮಯವಿಲ್ಲ ಎನ್ನುವ ನಿನ್ನ ದೂರಿಗೆ ನನ್ನ ಉತ್ತರ ಇದೇ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ಇಳಿದಿರುತ್ತದೆ. ಐದೇ ನಿಮಿಷದಲ್ಲಿ ಇಳಿದಿದ್ದರೆ ಪುಡಿ ತರಿಯಾಗಿದೆ ಅಥವಾ ಒತ್ತಿದ್ದು ಸಾಲದು. ಅರ್ಧ ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ಪುಡಿ ತೀರಾ ನುಣ್ಣಗಾಗಿದೆ ಅಥವಾ ಜೋರಾಗಿ ಒತ್ತಿದ್ದೀಯ. ಫಿಲ್ಟರನ್ನು ಕುಟ್ಟಬೇಡ. ಮೇಲಿನ ಬಟ್ಟಲನ್ನು ಸ್ವಲ್ಪ ಎತ್ತಿ ಸಡಿಲವಾಗಿ ಕೂರಿಸು. ಕೆಳಗೆ ಸಿಕ್ಕಿಕೊಂಡ ಗಾಳಿ ಹೊರಬಂದರೆ ಎಷ್ಟೋ ಸಲ ಅಷ್ಟಕ್ಕೇ ಇಳಿಯತೊಡಗುತ್ತದೆ.

ಡಿಕಾಕ್ಷನ್ನನ್ನು ಮಾತ್ರ ಒಲೆಯ ಮೇಲಿಟ್ಟು ಕುದಿಸಬೇಡ, ಕಹಿಯಾಗುತ್ತದೆ. ಆರಿದ್ದರೆ ಡಿಕಾಕ್ಷನ್ ಇರುವ ಕೆಳಗಿನ ಬಟ್ಟಲನ್ನು ಬಿಸಿನೀರಿನಲ್ಲಿ ಇಳಿಬಿಡು. ಹಾಲು ಗಟ್ಟಿಯದಾಗಿರಲಿ, ಆಗಷ್ಟೇ ಉಕ್ಕಿದ್ದಾಗಿರಲಿ. ನಿನ್ನೆಯಿಂದ ಮೂರು ಸಲ ಕಾಯಿಸಿದ ಹಾಲಿಗೆ ಎಂಥ ಪುಡಿ ಹಾಕಿದರೂ ದಂಡ. ಒಂದು ಪಾಲು ಡಿಕಾಕ್ಷನ್ನಿಗೆ ಮೂರು ಪಾಲು ಹಾಲೆಂದು ಶುರುಮಾಡು, ಆಮೇಲೆ ನಿನ್ನ ನಾಲಿಗೆ ಹೇಳಿದಂತೆ ಮಾಡಿಕೋ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯುವುದು ನಮ್ಮ ಕಾಲದ ಕಟ್ಟುನಿಟ್ಟು. ಮೊದಲನೆಯದು ಗಂಡಸರಿಗೂ ನೆಂಟರಿಗೂ, ಎರಡನೆಯದು ಅಡುಗೆಮನೆಯಲ್ಲಿದ್ದವರಿಗೆ. ನಿನ್ನ ಮನೆಯಲ್ಲಿ ಆ ಪದ್ಧತಿ ಬೇಡ, ಚರಟವನ್ನು ನೇರವಾಗಿ ಗುಲಾಬಿ ಕುಂಡಕ್ಕೆ ಹಾಕು.

ತೂತು ಕಟ್ಟಿಕೊಂಡಾಗ ಪಿನ್ನಿನಿಂದ ಚುಚ್ಚಬೇಡ, ತೂತು ದೊಡ್ಡದಾದರೆ ಫಿಲ್ಟರ್ ಮುಗಿದಂತೆ. ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯ ಮೇಲೆ ಕ್ಷಣಕಾಲ ಕಾಯಿಸಿ, ಆರಿದ ಮೇಲೆ ಉಜ್ಜಿ ತೊಳೆ.

ಯಂತ್ರಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಒಳ್ಳೆಯ ಕುರ್ಚಿ ತೆಗೆದುಕೋ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಬೆನ್ನು ನೋಯುತ್ತಿದೆ ಎಂದು ನಿಮ್ಮಮ್ಮ ಹೇಳುತ್ತಿದ್ದಳು. ಪುಡಿ ತಂದ ಮೇಲೆ ಯಾವ ಅಂಗಡಿ, ಎಷ್ಟು ಚಿಕೋರಿ ಎಂದು ಬರೆ.

ಇತಿ,
ನಿನ್ನ ದೊಡ್ಡಮ್ಮ