ಹಳೇ ಪಟ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೈಸೂರು ಅರಮನೆ ನಂಟಿದ್ದ ಮನೆತನಗಳ ಭಾವಚಿತ್ರಗಳ ಫೋಟೊ ತೆಗೆಯುವ ಕೆಲಸ ಈ ಭಾನುವಾರ ಬೆಳಿಗ್ಗೆ 10ಕ್ಕೆ, ಶಿವಮೊಗ್ಗದಲ್ಲೇ.

ಮೈಸೂರು ಶೈಲಿಯ ಪಟ ಇರುವವರು ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ. ಚಿನ್ನದ ರೇಕಿನಡಿಯ ಗೆಸ್ಸೊ (ಒಡವೆ ಉಬ್ಬಿ ಕಾಣಲು ಬಳಿಯುವ ಮೆತ್ತೆ) ನಿಂತಿರೋದೇ ಗೋಂದಿನ ಮೇಲೆ. ನೀರು ತಾಗಿದರೆ ತುರಾಯಿ, ಕಂಠೀಹಾರ ಹಕ್ಕಳೆಯಾಗಿ ಏಳುತ್ತೆ. ನಮ್ಮ ಮಲೆನಾಡಿನ ಮಳೆಗೆ ಚಿತ್ರ ಗಾಜಿಗೆ ಅಂಟಿದ್ದರೆ ಚೌಕಟ್ಟು ಬಿಚ್ಚದೆ ಹಾಗೇ ತನ್ನಿ. ಹಿಂಬದಿಯ ಚೀಟಿಯನ್ನೂ ಕೀಳಬೇಡಿ. ಅರಸು ಸಮುದಾಯದ ಮನೆತನಗಳು ಮೈಸೂರು ದೊರೆಗಳಾದ ಒಡೆಯರ ಜೊತೆ ಹೆಣ್ಣು ಕೊಟ್ಟು ತಂದವರು. ಯಾರ ಮಗಳು, ಯಾರ ಸೊಸೆ ಅನ್ನೋ ಸುಳಿವು ಎಷ್ಟೋ ಸಲ ಆ ಚೀಟಿಯಲ್ಲೇ ಸಿಗೋದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಕಾಲದ್ದು (1799–1868) ಅಂತ ಮನೆಯಲ್ಲಿ ಹೇಳಿದ್ದರೆ ಬೇರೆ ಹಾಳೆಯಲ್ಲಿ ಬರೆದು ತನ್ನಿ, ಪಟದ ಮೇಲೆ ಪೆನ್ನು ಬೇಡ.

ಎಷ್ಟು ಪಟ, ಎಷ್ಟು ಇಂಚು ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ.