ಒಲೆ ಆರಿಸಿ ಮಲಗು

ಸಾಗರ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದ.

ಊರಿನ ಸುದ್ದಿ ನಿನ್ನಮ್ಮ ಹೇಳಿರುತ್ತಾಳೆ, ಬಿಡುತ್ತೇನೆ. ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ನ್ಯೂಯಾರ್ಕಿನ ನಿಮ್ಮ ಬಾಡಿಗೆ ಮನೆಗೆ ಓನರ್ ಕೊಡಬೇಕಾದ ಹೀಟ್ ಬಾರದ ರಾತ್ರಿ ಗ್ಯಾಸ್ ಓವನ್ ಹಚ್ಚಿ, ಅದರ ಬಾಗಿಲು ತೆರೆದಿಟ್ಟು ಮಲಗುತ್ತೇವೆ ಅಂತ. ಆ ಒಂದು ಸಾಲಿಗೆ ಎರಡು ರಾತ್ರಿ ನನಗೆ ನಿದ್ದೆಯಿಲ್ಲ.

ನಾನೂ ಹಾಗೆ ಮಲಗಿದವನೇ. 1983, ನಿಮ್ಮ ನ್ಯೂಯಾರ್ಕಿನದೇ ಕ್ವೀನ್ಸ್, ಮೂರನೇ ಮಹಡಿ. ಕಿಟಕಿಯ ಕೆಳಗೆ ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರ್. ನೆಲಮಾಳಿಗೆಯ ಬಾಯ್ಲರ್ ಹೊತ್ತಿಕೊಂಡರೆ ಕೊಳವೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಟಣ್ ಟಣ್, ಆಮೇಲೆ ವಾಲ್ವಿನ ಬಾಯಲ್ಲಿ ಸುಂಯ್. ನಿಮ್ಮತ್ತೆ ನಿದ್ದೆಗಣ್ಣಲ್ಲೇ "ಬಂತು" ಅಂದು ಮಗ್ಗುಲಾಗುತ್ತಿದ್ದಳು. ಜನವರಿಯಲ್ಲಿ ನಾಲ್ಕು ದಿನ ಆ ಸದ್ದೇ ಇಲ್ಲ. ಓವನ್ ಹಚ್ಚಿದೆವು. ಬೆಳಗ್ಗೆ ಅವಳಿಗೆ ತಲೆಸಿಡಿತ, ಹುಡುಗನಿಗೆ ವಾಂತಿ. ಹಿಂದಿನ ದಿನದ ಸಾರಿನ ಮೇಲೆ ತಪ್ಪು ಹೊರಿಸಿದೆವು. ಹಾಲು ತರಲು ಬೀದಿಗಿಳಿದವನಿಗೆ ಹತ್ತು ನಿಮಿಷದಲ್ಲಿ ತಲೆ ಹಗುರಾಯಿತು, ಆಗಲೂ ನನಗೆ ಹೊಳೆಯಲಿಲ್ಲ. ಉರಿಯುವ ಓವನ್ನಿನಿಂದ ಬರುವ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ ಅಂತ ನಮ್ಮಜ್ಜಿ ಬೈಯುತ್ತಿದ್ದಳು. ಎಂಜಿನಿಯರ್ ಆಗಿ ನಾನು ಅದನ್ನು ಮರೆತಿದ್ದೆ.

ನಿಮ್ಮತ್ತೆ ನಗರಾಡಳಿತಕ್ಕೆ ಫೋನ್ ಮಾಡಿ ದೂರು ಕೊಡೋಣ ಅಂದಳು. ಓನರ್ ಹತ್ತಿರ ನಿಷ್ಠುರ ಯಾಕೆ, ಲೀಸ್ ಮುಂದುವರಿಸದೇ ಹೋದಾನು ಅಂತ ರಿಸೀವರ್ ಅವಳ ಕೈಯಿಂದ ಕಿತ್ತಿಟ್ಟೆ. ಈಗ ಅದೇ ಮಾತು ನೀನು ಬರೆದಿದ್ದೀಯ. ಅವಳಿದ್ದಿದ್ದರೆ ನಿನಗಲ್ಲ, ನನಗೆ ಬೈಯುತ್ತಿದ್ದಳು.

ಹೀಟ್ ಕೊಡುವುದು ಓನರ್ ತೋರಿಸುವ ದಯೆ ಅಲ್ಲ ಕಣೇ. ನ್ಯೂಯಾರ್ಕಿನಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಅದು ಕಟ್ಟಳೆ. ಬೆಳಗ್ಗೆ 6ರಿಂದ ರಾತ್ರಿ 10ರ ತನಕ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಒಳಗೆ 68 ಇರಲೇಬೇಕು. ರಾತ್ರಿ 10ರಿಂದ 6ರವರೆಗೆ ಹೊರಗೆ ಎಷ್ಟಾದರೂ ಇರಲಿ, ಒಳಗೆ 62. ಈ ರಾತ್ರಿಯ ಲೆಕ್ಕ 2017ರಲ್ಲಿ ಬಂದದ್ದು. ಅದಕ್ಕೆ ಮೊದಲು ಹೊರಗೆ 40ಕ್ಕಿಂತ ಇಳಿದರೆ ಮಾತ್ರ, ಅದೂ ಒಳಗೆ 55 ಸಾಕಿತ್ತು. 55 ಅಂದರೆ ಸುಮಾರು 13 ಸೆಲ್ಸಿಯಸ್, ಅದರಲ್ಲಿ ಕೂಸು ಮಲಗಬೇಕು! ದೂರು ಕೊಟ್ಟರು ಅನ್ನುವ ಸೇಡಿಗೆ ಬಾಡಿಗೆದಾರರನ್ನು ಹೊರಹಾಕುವುದಕ್ಕೂ ಅಲ್ಲಿ ಕಾನೂನಿನ ಅಡ್ಡಿಯಿದೆ.

ಮಗುವಿನ ತೊಟ್ಟಿಲ ಹತ್ತಿರ, ಹೊರಗೋಡೆಗೆ ತಾಗದ ಹಾಗೆ, ಒಂದು ಥರ್ಮಾಮೀಟರ್ ಇಡು. ದಿನಾಂಕ, ಗಂಟೆ, ಡಿಗ್ರಿ ಕ್ಯಾಲೆಂಡರಿನ ಮೇಲೇ ಗೀಚು. ಮೊದಲು ಕಟ್ಟಡ ನೋಡಿಕೊಳ್ಳುವ ಸೂಪರ್‌ಗೆ ಹೇಳಿ ನೋಡು, ಕೇಳದಿದ್ದರೆ ನಗರಾಡಳಿತದ ದೂರಿನ ನಂಬರ್ 311. ಪಕ್ಕದ ಮನೆಯವರೂ ಅವರವರ ಮನೆಗೆ ಬೇರೆ ಬೇರೆ ದೂರು ಕೊಟ್ಟರೆ ಒಳ್ಳೆಯದು. ಇಷ್ಟು ದೂರ ಕೂತು ಉಪದೇಶ ಮಾಡುವುದು ಸುಲಭ, ನನಗೂ ಗೊತ್ತು.

ಓವನ್ ಬಿಟ್ಟು ರೂಮ್ ಹೀಟರ್ ತರುತ್ತೀಯೇನೋ ಅನ್ನುವುದು ಇನ್ನೊಂದು ದಿಗಿಲು. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಕಟ್ಟಡದಲ್ಲಿ ಹೀಟರಿನಿಂದ ಬೆಂಕಿ ಹತ್ತಿ 17 ಜನ ಹೋದರು, ಅದರಲ್ಲಿ 8 ಮಕ್ಕಳು. ತಾವೇ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳು ಮುಚ್ಚದೆ ಹೊಗೆ ಮಹಡಿಯಿಂದ ಮಹಡಿಗೆ ಏರಿತ್ತು. ತಂದರೂ ನೇರ ಗೋಡೆಯ ಪ್ಲಗ್ಗಿಗೇ ಹಾಕು, ಎಕ್ಸ್‌ಟೆನ್ಷನ್ ವೈರ್ ಬೇಡ, ಮಲಗುವಾಗ ಆರಿಸು. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ? ಇರಲೇಬೇಕು. ಅದರ ಗುಂಡಿ ಒತ್ತಿ ನೋಡಿದ್ದೀಯಾ?

ತಲೆನೋವು ಬಂದರೆ ಸಾರಿನ ಮೇಲೆ ಹಾಕಬೇಡ. ಮಗುವನ್ನು ಎತ್ತಿಕೊಂಡು ಮೊದಲು ಹೊರಗೆ ಹೋಗು, ತುರ್ತು ಸಹಾಯದ 911ಕ್ಕೆ ಅಲ್ಲಿಂದಲೇ ಫೋನ್ ಮಾಡು.

ನಿಮಗೆ ರಾತ್ರಿ ಹತ್ತಾದಾಗ ಇಲ್ಲಿ ಬೆಳಗ್ಗೆ ಎಂಟೂವರೆ. ಕಾಫಿ ಮುಗಿಸಿ ಜಗಲಿಯಲ್ಲಿ ಫೋನ್ ಹಿಡಿದು ಕೂತಿರುತ್ತೇನೆ. "ಆರಿಸಿದೆ" ಅಂತ ಒಂದೇ ಒಂದು ಪದ ಹಾಕು, ದಿನಾ.

ನಿನ್ನ ಮಾವ