ವೆಂಕಣ್ಣಯ್ಯನವರಿಗೂ ಸಿಟ್ಟು ಬರಲಿ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಪ್ರಕಾಶಕರು ವಾಪಸ್ ಕಳಿಸಿದರು ಅಂತ ಅದನ್ನು ಒಲೆಗೆ ಹಾಕುವ ಮಾತಾಡಬೇಡ. ಕಾಗುಣಿತ, ಅಧ್ಯಾಯದ ಉದ್ದ ಎಲ್ಲ ಆಮೇಲೆ. ದಾವಣಗೆರೆಯಲ್ಲೇ ಯಾರಾದರೂ ತಿದ್ದಿಕೊಡುತ್ತಾರೆ.

ತ.ಸು. ವೆಂಕಣ್ಣಯ್ಯನವರನ್ನು ಪತ್ತೇದಾರ ಮಾಡಿದ್ದೀಯಲ್ಲ, ಅದು ನನಗೆ ತುಂಬ ಹಿಡಿಸಿತು. ನಮ್ಮ ಚಿತ್ರದುರ್ಗ ಜಿಲ್ಲೆಯ ತಳುಕಿನವರು, ಕುವೆಂಪು ಅವರ ಗುರುಗಳು. ಮಠದಿಂದ ಓಲೆಗರಿಯ ಕಟ್ಟು ಕಾಣೆಯಾಗುತ್ತದೆ, ಹುಡುಕಲು ಇವರು ಬರುತ್ತಾರೆ. ಒಳ್ಳೆ ಕಥೆ. ಆದರೆ ಇಡೀ ಕಾದಂಬರಿಯಲ್ಲಿ ಅವರು ಒಮ್ಮೆಯೂ ಎಡವುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ. ಬಾಯಿ ಬಿಟ್ಟರೆ ಉಪದೇಶ. ಹಾರ ಹಾಕಿ ಗೋಡೆಗೆ ನೇತುಹಾಕಿದ ಫೋಟೋ ಥರ ಆಗಿದ್ದಾರೆ.

ಈ ವಿಷಯದಲ್ಲಿ ನನಗೆ ಹಳೇ ನೋವಿದೆ. ನನ್ನ ಕಾದಂಬರಿಯೊಂದರಲ್ಲಿ ಹಿರಿಯ ಕವಿಯೊಬ್ಬರು ಸಾಲ ಕೊಟ್ಟವನಿಗೆ ಹೆದರಿ ಹಿತ್ತಲ ಬಾಗಿಲಿಂದ ಜಾರಿಕೊಳ್ಳುವ ಪುಟಗಳಿದ್ದವು. ಗೌರವಕ್ಕೆ ಧಕ್ಕೆ ಅಂತ ಸಂಪಾದಕರೊಬ್ಬರು ನನ್ನನ್ನು ಕೇಳದೆ ಕತ್ತರಿಸಿ ಅಚ್ಚು ಹಾಕಿಸಿದರು. ಓದುವವರಿಗೆ ಆ ಕವಿ ಹತ್ತಿರವಾಗುತ್ತಿದ್ದುದೇ ಅಲ್ಲಿ. ಆ ಪುಸ್ತಕ ಕೈಗೆತ್ತಿಕೊಳ್ಳಲು ಈಗಲೂ ಮನಸ್ಸಾಗುವುದಿಲ್ಲ.

ಇನ್ನು ನೀನು ನಿಜಕ್ಕೂ ಗೌರವ ಕೊಡಬೇಕಿದ್ದ ಕಡೆ ಕೊಟ್ಟಿಲ್ಲ. ಕೊನೆಯಲ್ಲಿ ಅವರ ಕೈಗೆ ಅಚ್ಚಾದ 'ಶ್ರೀ ರಾಮಾಯಣ ದರ್ಶನಂ' ಇಟ್ಟಿದ್ದೀಯ. ಅವರು ತೀರಿಕೊಂಡಿದ್ದು 1939ರಲ್ಲಿ, ಕಾವ್ಯ ಹೊರಬಂದಿದ್ದು 1949ರಲ್ಲಿ. ಇಲ್ಲದ ಗುರುವಿಗೆ ಕುವೆಂಪು ಅದನ್ನು ಅರ್ಪಿಸಿದರು. ಆ ಸಂಕಟವನ್ನು ನಿನ್ನ ಒಂದು ಸಾಲು ಅಳಿಸಿಹಾಕಿತು ನೋಡು.

ಪಿಸ್ತೂಲು ಹಿಡಿದು ಓಡುವ ದೃಶ್ಯ ಯಾಕೆ ಬೇಕಿತ್ತು? ಅವರು ಹರಿಹರ ಕವಿಯ 'ಬಸವರಾಜದೇವರ ರಗಳೆ'ಯನ್ನು ಹಳೆಯ ಪ್ರತಿಗಳಿಂದ ಸಂಪಾದಿಸಿದವರು. ಪ್ರತಿಗೆ ಪ್ರತಿ ಇಟ್ಟು ಎಲ್ಲಿ ಪದ, ಸಾಲು ಬೇರೆಯಾಗಿದೆ ಅಂತ ನೋಡುವುದೇ ಪತ್ತೇದಾರಿ ಕೆಲಸ ಅಲ್ವಾ? ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ನಕಲು ಮಾಡುವವನ ಕಣ್ಣು ಜಾರುತ್ತದೆ, ಒಂದು ಸಾಲು ಬಿಟ್ಟುಹೋಗುತ್ತದೆ. ಅದನ್ನು ನೋಡಿ ಬರೆದವನ ಪ್ರತಿಯಲ್ಲೂ ಆ ಸಾಲು ಇರುವುದಿಲ್ಲ. ಕಾಣೆಯಾದ ಕಟ್ಟಿನಲ್ಲಿ ಯಾವ ಸಾಲು ಬಿಟ್ಟುಹೋಗಿತ್ತು ಅಂತ ವೆಂಕಣ್ಣಯ್ಯ ಮೊದಲೇ ಗುರುತು ಹಾಕಿಕೊಂಡಿರಲಿ. ಕಳ್ಳ 'ನಮ್ಮ ತಾತ ಬರೆದಿಟ್ಟಿದ್ದು' ಅಂತ ತರುವ ಕಾಗದದಲ್ಲೂ ಅದೇ ಸಾಲು ಇಲ್ಲದಿರಲಿ. ಆದರೆ ತಕ್ಷಣ ಹೊಳೆಯುವುದು ಬೇಡ. ಮೊದಲು ಮಠದ ಬಡ ಹುಡುಗನನ್ನು ಅನುಮಾನಿಸಿ ಗದರಿಬಿಡಲಿ. ರಾತ್ರಿ ದೀಪದ ಮುಂದೆ ಗೊತ್ತಾದಾಗ ತಮ್ಮ ಮೇಲೆ ತಮಗೇ ಸಿಟ್ಟು ಬರಲಿ.

ಅವರ ತಮ್ಮ ತ.ಸು. ಶಾಮರಾಯರ 'ಮೂರು ತಲೆಮಾರು' ಹುಡುಕಿ ಓದು. ಆಮೇಲೆ ಆ ಗದರುವ ಅಧ್ಯಾಯವೊಂದನ್ನೇ ಬರೆದು ದುರ್ಗಕ್ಕೆ ಕಳಿಸು. ಬಸ್ಸಿಗೆ ಬಂದು ನೀನೇ ತಂದರೆ ಇನ್ನೂ ಸಂತೋಷ.

ನಿನ್ನ ಅಣ್ಣ